ರಾತ್ರಿ ಉಳಿದ ಹಿಟ್ಟು

ಚಿಂತಾಮಣಿಯಿಂದ ಚೇಳೂರಿನ ಕಡೆ ಹೋಗುವಾಗ
ಎಡಕ್ಕೆ ಸಿಗುವ ಹಾಲಿನ ಡೇರಿ.
ಖಾಲಿ ಕ್ಯಾನುಗಳ ಹಿಂದೆ, ಮೂಲೆಯಲ್ಲಿ,
ನನ್ನ ಯಂತ್ರ ನೆಲಕ್ಕೆ ಕಿವಿಕೊಟ್ಟು ಕೂತಿತ್ತು.
ಹನ್ನೊಂದು ದಿನ. ನಲವತ್ತಮೂರು ಸಲ ಗೊಣಗಾಟ.
ದೊಡ್ಡದೇನಲ್ಲ. ಗೂಡಿನಲ್ಲಿ ಲೋಟ ಲೋಟಕ್ಕೆ ತಾಕುವಷ್ಟು,
ಕಾವಿಗೆ ಕೂತ ಕೋಳಿ ಮೊಟ್ಟೆ ಬಿಟ್ಟು ಏಳುವಷ್ಟು.
ಊರು ಮಾತ್ರ ರಗ್ಗು ಹೊದ್ದು
ಶಾಲೆಯ ಬಯಲಲ್ಲಿ ಮಲಗುತ್ತಿತ್ತು.

‘ದೊಡ್ದು ಬತ್ತದಾ ಸಾರ್?’
ಕೇಳಿದವರಿಗೆಲ್ಲ ಪರದೆಯ ಗೀರು ತೋರಿಸಿದೆ.
ಗೊತ್ತಿಲ್ಲ ಎಂಬುದನ್ನು
ಎಷ್ಟು ಉದ್ದ ಹೇಳಬಹುದೋ ಅಷ್ಟು ಉದ್ದ ಹೇಳಿದೆ.

ಗಂಗುಲಮ್ಮ ಕೇಳಲಿಲ್ಲ.
ಊರೂರು ತಿರುಗಿ ಬೀಸೋಕಲ್ಲಿಗೆ ಮುಳ್ಳು ಹಾಕುವವಳು ಅವಳು.
ಮಿಕ್ಸಿ ಬಂದ ಮೇಲೆ ಉಳಿದದ್ದು ಏಳೆಂಟು ಮನೆ,
ಒಂದು ಸುತ್ತಿಗೆ, ಮೂರು ಚಾಣ.
‘ಬಾ, ಕೂತ್ಕೊ. ಇದನ್ನ ತಿರುಗಿಸು.’

ಗೂಟ ಹಿಡಿದೆ. ಕಲ್ಲು ಕದಲಲಿಲ್ಲ.
‘ರಾತ್ರಿ ಹಿಟ್ಟು ಉಳಿದೈತೆ, ಥಂಡಿಗೆ ಕಚ್ಕೊಂಡೈತೆ.
ಒಂದು ರಾತ್ರಿ ಬಿಟ್ರೆ ಒಂದು ಕೈ ಸಾಕು.
ತಿಂಗಳು ಬಿಟ್ರೆ ಇಬ್ಬರು ಬೇಕು.’
ಜಗ್ಗಿದೆ.
ಇನ್ನೂ ಜಗ್ಗಿದೆ, ಭುಜದೊಳಗೆ ಏನೋ ತುಂಬುತ್ತಾ ತುಂಬುತ್ತಾ
ಥಟ್ಟನೆ
ಮೇಲಿನ ಕಲ್ಲು ಅರ್ಧ ಸುತ್ತು ಹಾರಿತು,
ನನ್ನ ಮೊಣಕೈ ಗೋಡೆಗೆ ಬಡಿಯಿತು, ಅವಳು ನಕ್ಕಳು.

ನಾಲ್ಕು ವರ್ಷ ಕಲ್ಲಿನ ಬಿಲ್ಲೆಗಳನ್ನು ಒಂದಕ್ಕೊಂದು ಉಜ್ಜಿ
ನಾನು ಬರೆದ ಇನ್ನೂರು ಪುಟ ಇದೇ:
ಸುಮ್ಮನೆ ಕೂತಷ್ಟೂ ಕಚ್ಚುತ್ತದೆ.

ಕೆಳಗೆ, ಇಲ್ಲಿನ ಸಾವಿರದೈನೂರು ಅಡಿಯ ಬೋರುಗಳೂ ಮುಟ್ಟದ ಆಳದಲ್ಲಿ
ಗುಡ್ಡದಷ್ಟು ದೊಡ್ಡ ಎರಡು ಮುಖ ಹೀಗೇ ಒತ್ತಿಕೊಂಡಿವೆ.
ನಡುವೆ ಹಿಟ್ಟು. ರಾಗಿಯದಲ್ಲ, ತಮ್ಮದೇ ಮೈಯದು.
ಬೆಣಚುಕಲ್ಲಿಗೆ ಬಗ್ಗಲು ಬರುವುದಿಲ್ಲ, ಬಿರಿಯುತ್ತದೆ.
ಕಾಗೆಬಂಗಾರ ಎಸಳೆಸಳಾಗಿ ಮಡಿಚಿಕೊಂಡು ಹೇಗೋ ನಿಭಾಯಿಸುತ್ತದೆ.
ಬಳಪದ ಕಲ್ಲು ಸಿಕ್ಕಿದ ಕಡೆ ನೆಲ
ವರ್ಷವಿಡೀ ಸದ್ದಿಲ್ಲದೆ ಜಾರುತ್ತಿರುತ್ತದೆ,
ಅಲ್ಲಿ ಯಾರ ಲೋಟವೂ ಅಲುಗುವುದಿಲ್ಲ.
ಇಲ್ಲಿ ಬಳಪ ಇಲ್ಲ.
ಇಲ್ಲಿ ಹದಿನೇಳು ವರ್ಷದ ಮೇಲೆ ಕೆರೆ ಕೋಡಿ ಹರಿಯಿತು,
ನೀರು ಬಿರುಕು ಹುಡುಕಿಕೊಂಡು ಇಳಿಯಿತು.
ನೀರು ಕಲ್ಲನ್ನು ನೂಕುವುದಿಲ್ಲ.
ಒಳಗಿನಿಂದ ಸ್ವಲ್ಪ ಆನಿಸಿಕೊಳ್ಳುತ್ತದೆ, ಅಷ್ಟೆ.
ಹಿಡಿತ ಸಡಿಲಲು ಅಷ್ಟು ಸಾಕು.

ಹಿತ್ತಿಲಿನಿಂದ ಅವಳೊಂದು ತುಂಡು ತಂದಳು.
ಬಿಳಿ ಕಲ್ಲಿನಲ್ಲಿ ದಾರದಂಥ ಕಪ್ಪು ಗೆರೆ.
‘ಇದನ್ನ ನಮ್ಮಪ್ಪ ಮುಟ್ತಿರಲಿಲ್ಲ.
ಚಾಣ ಇಟ್ರೆ ಗಾಜಿನ ಸದ್ದು. ಸುಟ್ಟ ಕಲ್ಲು ಅಂತಿದ್ದ.’
‘ಸುಟ್ಟದ್ದು ಯಾರು?’
‘ಓದಿದೋನು ನೀನು. ನೀನೇ ಹೇಳು.’

ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಬೆಳಕಿಗೆ ಹಿಡಿದೆ.
ಹುಲ್ಲು ಹುಟ್ಟುವುದಕ್ಕೂ ಮುಂಚಿನ ಯಾವುದೋ ದಿನ,
ಒಂದು ಉಸಿರಿನಷ್ಟು ಹೊತ್ತು,
ಕಲ್ಲಿನ ಮೇಲೆ ಕಲ್ಲು ಓಡಿ, ಓಡಿದ ಬಿಸಿಗೆ ಕರಗಿ,
ಕರಗಿದ್ದೇ ಎಣ್ಣೆಯಾಗಿ ಇನ್ನೂ ಜೋರಾಗಿ ಓಡಿ,
ನಿಂತು,
ಮುದ್ದೆಯ ನೀರು ಆರುವ ಮುಂಚೆಯೇ ಆರಿ ಗಾಜಾಗಿದೆ.
ಹೇಳಿದೆ.
ಅವಳು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದಳು.
‘ಹಂಗಾರೆ ಅಪ್ಪ ಸುಳ್ಳು ಹೇಳಿಲ್ಲ.’
ಆಮೇಲೆ ಮುಳ್ಳು ಹಾಕಲು ಕೂತಳು.
ನುಣುಪಾದ ಕಲ್ಲು ಸುಮ್ಮನೆ ತಿರುಗುತ್ತದಂತೆ, ಬೀಸುವುದಿಲ್ಲವಂತೆ.

ರಾತ್ರಿ ಡೇರಿಯಲ್ಲಿ ಆ ದಿನದ ಗೀರು ಬಿಚ್ಚಿದೆ.
ನಾಲ್ಕು ಗಂಟೆಯಿಂದ ಸಣ್ಣ ಸಣ್ಣ ಚುಕ್ಕಿ, ಒಂದೇ ಲಯ:
ಗಂಗುಲಮ್ಮನ ಚಾಣ.
ವರದಿಯಲ್ಲಿ ಇದನ್ನು ‘ಜನರ ಸದ್ದು, ಲೆಕ್ಕಕ್ಕಿಲ್ಲ’ ಎಂದು ಬರೆಯಬೇಕು.
ನಾಲ್ಕೂ ಇಪ್ಪತ್ತಕ್ಕೆ ನಲವತ್ತನಾಲ್ಕನೆಯದು,
ನನಗೆ ಗೊತ್ತೇ ಆಗಿರಲಿಲ್ಲ.
ಅದರ ಬಾಲ ಸಣ್ಣಗಾದ ಮೇಲೆ
ಹನ್ನೆರಡು ಸೆಕೆಂಡು ಏನೂ ಇಲ್ಲ.

ಆಮೇಲೆ ಒಂದು ಚುಕ್ಕಿ.
ಇನ್ನೊಂದು.